ಹಾಸನ ಜಿಲ್ಲೆಯ ಅಧೀನ ನ್ಯಾಯಾಲಯಗಳು

ಅಧೀನ ನ್ಯಾಯಾಲಯಗಳು ಎಂದರೆ ಉಚ್ಚ ನ್ಯಾಯಾಲಯದ ನಿಯಂತ್ರಣಕ್ಕೆ ಒಳಪಟ್ಟು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಲ್ಲಿ ಕಾರ್ಯ ನಿರ್ವಹಿಸುವ ಸಿವಿಲ್ ಹಾಗೂ ಕ್ರಿಮಿನಲ್ ನ್ಯಾಯಾಲಯಗಳು. ಹಾಸನ ಜಿಲ್ಲೆಯಲ್ಲಿ ಹಾಸನ, ಆಲೂರು, ಅರಕಲಗೂಡು, ಅರಸೀಕೆರೆ, ಬೇಲೂರು, ಚನ್ನರಾಯಪಟ್ಟಣ, ಹೊಳೆನರಸೀಪುರ ಮತ್ತು ಸಕಲೇಶಪುರ ಎಂಬ ಎಂಟು ತಾಲ್ಲೂಕುಗಳಿವೆ. ಜಿಲ್ಲಾ ನ್ಯಾಯಾಲಯವು ಹಾಸನ ನಗರದಲ್ಲಿದೆ. ಈ ಲೇಖನವು ಮುಖ್ಯವಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ನ್ಯಾಯಾಲಯಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವ್ಯವಸ್ಥೆ ನಡೆಯುವ ಬಗೆಯನ್ನು ವಿವರಿಸುತ್ತದೆ. ಇಲ್ಲಿಂದ ಮೇಲಿನ ಮೇಲ್ಮನವಿಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತವೆ.

ಹೆಸರು ಮತ್ತು ಸಂವಿಧಾನದ ನೆಲೆ

ಜನಬಳಕೆಯಲ್ಲಿ ಇವುಗಳಿಗೆ ‘ಕೆಳ ನ್ಯಾಯಾಲಯ’ ಎಂಬ ಹೆಸರು ರೂಢಿಯಾಗಿದೆ. ಸಂವಿಧಾನದ ಆರನೆಯ ಭಾಗದ ಆರನೆಯ ಅಧ್ಯಾಯದಲ್ಲಿ, 233ರಿಂದ 237ರವರೆಗಿನ ವಿಧಿಗಳಲ್ಲಿ, ಇವುಗಳನ್ನು ‘ಅಧೀನ ನ್ಯಾಯಾಲಯಗಳು’ ಎಂದು ಕರೆಯಲಾಗಿದೆ. 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಚಾರಣಾ ನ್ಯಾಯಾಲಯಗಳನ್ನು ‘ಕೆಳ ನ್ಯಾಯಾಲಯ’ ಎಂದು ಕರೆಯಬಾರದೆಂದು ಹೇಳಿ, ಅವುಗಳ ಕಡತಗಳನ್ನು ‘ವಿಚಾರಣಾ ನ್ಯಾಯಾಲಯದ ದಾಖಲೆ’ ಎಂದೇ ನಮೂದಿಸುವಂತೆ ತನ್ನ ಕಚೇರಿಗೆ ಸೂಚಿಸಿತು. ಇದನ್ನು ಕೇವಲ ಮರ್ಯಾದೆಯ ಪ್ರಶ್ನೆಯೆಂದು ತಿಳಿಯಬಾರದು. ಮುಂದೆ ವಿವರಿಸಿರುವಂತೆ, ಒಂದು ವ್ಯಾಜ್ಯದಲ್ಲಿ ನಿಜವಾಗಿ ನಡೆದದ್ದು ಏನು ಎಂಬುದು ಬಹುಮಟ್ಟಿಗೆ ತಾಲ್ಲೂಕಿನ ನ್ಯಾಯಾಲಯದಲ್ಲಿಯೇ ತೀರ್ಮಾನವಾಗುತ್ತದೆ. ಮೇಲೆ ಹೋದಂತೆ ಆ ಪ್ರಶ್ನೆಯ ಬಾಗಿಲು ಕಿರಿದಾಗುತ್ತ ಹೋಗುತ್ತದೆ.

ಸಂವಿಧಾನದ 50ನೆಯ ವಿಧಿಯು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ನಿರ್ದೇಶಿಸುತ್ತದೆ. 235ನೆಯ ವಿಧಿಯು ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳ ಮೇಲಿನ ನಿಯಂತ್ರಣವನ್ನು ಉಚ್ಚ ನ್ಯಾಯಾಲಯಕ್ಕೆ ವಹಿಸಿದೆ. ಹೀಗಾಗಿ ಅರಕಲಗೂಡಿನ ನ್ಯಾಯಾಧೀಶರ ವರ್ಗಾವಣೆ, ರಜೆ, ಶಿಸ್ತುಕ್ರಮಗಳ ವಿಷಯದಲ್ಲಿ ಜಿಲ್ಲಾಧಿಕಾರಿಗಾಗಲಿ ಶಾಸಕರಿಗಾಗಲಿ ಯಾವ ಅಧಿಕಾರವೂ ಇಲ್ಲ.

ಹಿನ್ನೆಲೆ

ಹಾಸನವು ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ ಜಿಲ್ಲೆ. ಬ್ರಿಟಿಷ್ ಕಮಿಷನರುಗಳ ಆಡಳಿತ ಕಾಲದಲ್ಲಿ ಇದು ಮೈಸೂರು ಜಿಲ್ಲೆಯೊಡನೆ ಅಷ್ಟಗ್ರಾಮ ವಿಭಾಗದಲ್ಲಿತ್ತು. ಆ ಕಾಲದಲ್ಲಿಯೂ ಅನಂತರ ಬಹುಕಾಲವೂ ಕಂದಾಯ ವಸೂಲಿ ಮಾಡುವ ಅಮಲ್ದಾರರ ಕೈಯಲ್ಲಿಯೇ ಮ್ಯಾಜಿಸ್ಟ್ರೇಟರ ಅಧಿಕಾರವೂ ಇತ್ತು. ಕಂದಾಯ ಕೇಳುವವನೇ ದಂಡ ವಿಧಿಸುವವನೂ ಆಗಿದ್ದ ಆ ಸ್ಥಿತಿಯನ್ನು ನೆನೆದರೆ 50ನೆಯ ವಿಧಿಯ ಬೆಲೆ ತಿಳಿಯುತ್ತದೆ. 1884ರಲ್ಲಿ ಮೈಸೂರಿನ ಚೀಫ್ ಕೋರ್ಟ್ ಸ್ಥಾಪನೆಯಾಯಿತು; 1930ರಲ್ಲಿ ಅದಕ್ಕೆ ಹೈಕೋರ್ಟ್ ಎಂಬ ಹೆಸರು ಬಂದಿತು.

1956ರ ಏಕೀಕರಣದ ನಂತರ ಮುಂಬಯಿ, ಹೈದರಾಬಾದ್, ಮದ್ರಾಸ್ ಪ್ರಾಂತಗಳಿಂದ ಬಂದ ಭಾಗಗಳಲ್ಲಿ ಒಂದೊಂದು ಬಗೆಯ ನ್ಯಾಯಾಲಯ ಕಾನೂನುಗಳಿದ್ದವು. ಅವುಗಳ ಬದಲಿಗೆ ಇಡೀ ರಾಜ್ಯಕ್ಕೆ ಏಕರೂಪದ ಸಿವಿಲ್ ನ್ಯಾಯಾಲಯಗಳ ಅಧಿನಿಯಮವು 1964ರಲ್ಲಿ ಬಂದಿತು. 1974ರ ಏಪ್ರಿಲ್ 1ರಿಂದ ಜಾರಿಯಾದ ದಂಡ ಪ್ರಕ್ರಿಯಾ ಸಂಹಿತೆಯು ನ್ಯಾಯಿಕ ಮ್ಯಾಜಿಸ್ಟ್ರೇಟರನ್ನು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಂದ ಪೂರ್ಣವಾಗಿ ಬೇರ್ಪಡಿಸಿತು.

ಶ್ರೇಣಿ ಮತ್ತು ವ್ಯಾಪ್ತಿ

1964ರ ಅಧಿನಿಯಮದ ಪ್ರಕಾರ ಸಿವಿಲ್ ನ್ಯಾಯಾಲಯಗಳು ಮೂರು ಶ್ರೇಣಿಯವು. ಕೆಳಗಿನದು ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ. ಇದನ್ನು ಹಿಂದೆ ಮುನ್ಸೀಫ್ ನ್ಯಾಯಾಲಯ ಎನ್ನುತ್ತಿದ್ದರು; ಹಳ್ಳಿಗಳ ಹಿರಿಯರು ಇಂದಿಗೂ ‘ಮುನ್ಸೀಫ್ ಕೋರ್ಟು’ ಎಂದೇ ಹೇಳುತ್ತಾರೆ. ಕಾನೂನು ಗೊತ್ತುಪಡಿಸಿದ ಮೊತ್ತದವರೆಗಿನ ದಾವೆಗಳು ಇಲ್ಲಿ ದಾಖಲಾಗುತ್ತವೆ. ಅದಕ್ಕಿಂತ ಹೆಚ್ಚಿನ ಮೌಲ್ಯದ ದಾವೆಗಳು ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಕ್ಕೆ ಹೋಗುತ್ತವೆ. ಇವರ ಅಧಿಕಾರಕ್ಕೆ ಹಣದ ಮೇಲ್ಮಿತಿ ಇಲ್ಲ. ಇವೆರಡರ ಮೇಲೆ ಜಿಲ್ಲಾ ನ್ಯಾಯಾಲಯವಿದೆ.

ಈ ನ್ಯಾಯಾಧೀಶರೇ ಕ್ರಿಮಿನಲ್ ಪ್ರಕರಣಗಳನ್ನೂ ನೋಡುತ್ತಾರೆ. ಅರಕಲಗೂಡು, ಹೊಳೆನರಸೀಪುರ ಮೊದಲಾದ ಕಡೆಗಳ ನ್ಯಾಯಾಲಯದ ಫಲಕಗಳಲ್ಲಿ ‘ಸಿವಿಲ್ ನ್ಯಾಯಾಧೀಶರು ಮತ್ತು ಜೆ.ಎಂ.ಎಫ್.ಸಿ.’ ಎಂದು ಒಟ್ಟಿಗೆ ಬರೆದಿರುವುದು ಇದೇ ಕಾರಣಕ್ಕೆ. ಜೆ.ಎಂ.ಎಫ್.ಸಿ. ಎಂದರೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರು. ಬೆಳಿಗ್ಗೆ ಹೊಲದ ಬದುವಿನ ದಾವೆಯಲ್ಲಿ ಸಾಕ್ಷಿ ಕೇಳಿದ ಅದೇ ವ್ಯಕ್ತಿ ಮಧ್ಯಾಹ್ನ ಕಳ್ಳತನದ ಆರೋಪಿಯ ಜಾಮೀನು ಅರ್ಜಿಯನ್ನು ಪರಿಶೀಲಿಸುತ್ತಿರಬಹುದು. ಜಿಲ್ಲಾ ನ್ಯಾಯಾಧೀಶರು ಕ್ರಿಮಿನಲ್ ವಿಷಯದಲ್ಲಿ ಸೆಷನ್ಸ್ ನ್ಯಾಯಾಧೀಶರಾಗುತ್ತಾರೆ.

ದಾವೆಯನ್ನು ಎಲ್ಲಿ ಹೂಡಬೇಕು ಎಂಬುದಕ್ಕೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಸರಳವಾದ ಎರಡು ನಿಯಮಗಳಿವೆ. ವಿಚಾರಿಸುವ ಅಧಿಕಾರವುಳ್ಳ ಅತ್ಯಂತ ಕೆಳಗಿನ ಶ್ರೇಣಿಯ ನ್ಯಾಯಾಲಯದಲ್ಲಿಯೇ ದಾವೆ ಹೂಡಬೇಕು. ಸ್ಥಿರಾಸ್ತಿಯ ವ್ಯಾಜ್ಯವಾದರೆ ಆ ಆಸ್ತಿ ಇರುವ ಸ್ಥಳದಲ್ಲಿ ಹೂಡಬೇಕು. ಬೆಂಗಳೂರಿನಲ್ಲಿ ನೆಲೆಸಿದ ತಮ್ಮನು ಶ್ರವಣಬೆಳಗೊಳದ ಸಮೀಪದ ತೆಂಗಿನ ತೋಟದಲ್ಲಿ ಪಾಲು ಕೇಳುವುದಾದರೆ ಚನ್ನರಾಯಪಟ್ಟಣಕ್ಕೆ ಬರಬೇಕಾಗುತ್ತದೆ. ಏಕೆಂದರೆ ಶ್ರವಣಬೆಳಗೊಳ ಆ ತಾಲ್ಲೂಕಿಗೆ ಸೇರಿದೆ. ಕೊಣನೂರು, ರಾಮನಾಥಪುರ, ರುದ್ರಪಟ್ಟಣಗಳ ಕಾವೇರಿ ತೀರದ ಗದ್ದೆಗಳ ವ್ಯಾಜ್ಯ ಅರಕಲಗೂಡಿಗೆ ಹೋಗುತ್ತದೆ.

ಸಿವಿಲ್ ದಾವೆ ನಡೆಯುವ ಬಗೆ

ಈ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಕಾಣುವ ದಾವೆಗಳೆಂದರೆ ಪಾಲು ವಿಭಾಗ, ಬದು ಮತ್ತು ದಾರಿಯ ತಕರಾರು, ಕ್ರಯದ ಕರಾರಿನ ಜಾರಿ ಹಾಗೂ ಸಾಲ ವಸೂಲಿ. ವಾದಿಯು ವಕೀಲರ ಮೂಲಕ ವಾದಪತ್ರವನ್ನು ನ್ಯಾಯಾಲಯ ಶುಲ್ಕದೊಡನೆ ಸಲ್ಲಿಸುತ್ತಾನೆ. ಕಚೇರಿಯಲ್ಲಿ ಶಿರಸ್ತೇದಾರರು ಅದನ್ನು ಪರಿಶೀಲಿಸಿದ ಮೇಲೆ ಸಂಖ್ಯೆ ಬೀಳುತ್ತದೆ. ಮೂಲ ದಾವೆಗೆ ‘ಓ.ಎಸ್.’ ಎಂಬ ಗುರುತು. ಅಮೀನರು ಪ್ರತಿವಾದಿಗೆ ಸಮನ್ಸ್ ತಲುಪಿಸುತ್ತಾರೆ. ಪ್ರತಿವಾದಿಯು 30 ದಿನಗಳಲ್ಲಿ, ಕಾರಣವಿದ್ದರೆ 90 ದಿನಗಳೊಳಗೆ, ತನ್ನ ಲಿಖಿತ ಹೇಳಿಕೆಯನ್ನು ಸಲ್ಲಿಸಬೇಕು.

ಬಹುತೇಕ ದಾವೆಗಳಲ್ಲಿ ಮೊದಲ ಹೋರಾಟ ನಡೆಯುವುದು ತಾತ್ಕಾಲಿಕ ತಡೆಯಾಜ್ಞೆಗಾಗಿ. ಸಂಹಿತೆಯ 39ನೆಯ ಆದೇಶದ ಪ್ರಕಾರ ನ್ಯಾಯಾಧೀಶರು ಮೂರು ಅಂಶಗಳನ್ನು ನೋಡುತ್ತಾರೆ: ಮೇಲ್ನೋಟಕ್ಕೆ ವಾದಿಯ ಹಕ್ಕು ಕಾಣುತ್ತದೆಯೇ, ಆಜ್ಞೆ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟ ಹಣದಿಂದ ತುಂಬಲಾಗದ್ದೇ. ತನ್ನ ಬೆನ್ನ ಹಿಂದೆ ಆಜ್ಞೆಯಾದೀತೆಂಬ ಭಯವಿದ್ದವರು ಮೊದಲೇ ಕೇವಿಯಟ್ ಸಲ್ಲಿಸಬಹುದು. ಅದು 90 ದಿನ ಊರ್ಜಿತದಲ್ಲಿರುತ್ತದೆ. ತಡೆಯಾಜ್ಞೆ ಸಿಕ್ಕಿದವನು ದಾವೆಯನ್ನೇ ಗೆದ್ದೆನೆಂದು ಊರಲ್ಲಿ ಸಾರುವುದುಂಟು. ಅದು ತಪ್ಪು ತಿಳಿವಳಿಕೆ. ದಾವೆಯ ತೀರ್ಪು ಇನ್ನೂ ದೂರವಿರುತ್ತದೆ.

ಅನಂತರ ನ್ಯಾಯಾಧೀಶರು ವಿವಾದಾಂಶಗಳನ್ನು ರಚಿಸುತ್ತಾರೆ. ಎರಡು ಕಡೆಯವರೂ ಒಪ್ಪಿದ ಸಂಗತಿಗಳನ್ನು ಬದಿಗಿಟ್ಟು, ಯಾರು ಏನನ್ನು ಸಾಬೀತುಪಡಿಸಬೇಕು ಎಂದು ಪ್ರಶ್ನೆಗಳ ರೂಪದಲ್ಲಿ ಬರೆಯುವುದೇ ಇದು. ಮುಂದಿನ ವಿಚಾರಣೆಯೆಲ್ಲ ಆ ಪ್ರಶ್ನೆಗಳ ಸುತ್ತ ನಡೆಯಬೇಕು. ಸಾಕ್ಷಿಯ ಮುಖ್ಯ ವಿಚಾರಣೆ ಈಗ ಪ್ರಮಾಣಪತ್ರದ ಮೂಲಕ ಆಗುತ್ತದೆ. ಪಾಟೀ ಸವಾಲು ಮಾತ್ರ ಎದುರಾಎದುರೇ ನಡೆಯುತ್ತದೆ. ಸರ್ವೆ ನಂಬರಿನ ಗಡಿ ಎಲ್ಲಿ ಎಂಬಂಥ ಪ್ರಶ್ನೆ ಬಂದರೆ ನ್ಯಾಯಾಲಯವು ಕಮಿಷನರನ್ನು ನೇಮಿಸಿ ಸ್ಥಳ ಪರಿಶೀಲನೆ ಮಾಡಿಸಬಹುದು.

ದಾಖಲೆಗಳ ವಿಷಯದಲ್ಲಿ ನಮ್ಮ ಹಳ್ಳಿಗಳ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಅಣ್ಣತಮ್ಮಂದಿರು ಊರ ಹಿರಿಯರನ್ನು ಕೂರಿಸಿಕೊಂಡು ಬಿಳಿಯ ಹಾಳೆಯ ಮೇಲೆ ಪಾಲು ಪಾರೀಖತ್ತು ಬರೆದು ಸಹಿ, ಹೆಬ್ಬೆಟ್ಟು ಹಾಕಿಸಿ ಪೆಟ್ಟಿಗೆಯಲ್ಲಿಡುತ್ತಾರೆ. ಇಪ್ಪತ್ತು ವರ್ಷ ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಮಕ್ಕಳ ಕಾಲಕ್ಕೆ ವ್ಯಾಜ್ಯ ಬಂದಾಗ ಆ ಹಾಳೆ ನ್ಯಾಯಾಲಯಕ್ಕೆ ಬರುತ್ತದೆ. ಆ ಪತ್ರದ ಮೂಲಕವೇ ಪಾಲಾಗಿದ್ದರೆ ಅದು ನೋಂದಣಿಯಾಗಿರಬೇಕು. ಮುದ್ರಾಂಕ ಶುಲ್ಕ ಕೊಟ್ಟಿರದಿದ್ದರೆ 1957ರ ಕರ್ನಾಟಕ ಸ್ಟ್ಯಾಂಪ್ ಅಧಿನಿಯಮದಂತೆ ಕೊರತೆಯ ಶುಲ್ಕವನ್ನೂ ಅದರ ಹತ್ತುಪಟ್ಟು ದಂಡವನ್ನೂ ಕಟ್ಟುವವರೆಗೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಮೊದಲೇ ಬಾಯಿಮಾತಿನಲ್ಲಿ ಆಗಿಹೋದ ಪಾಲನ್ನು ನೆನಪಿಗಾಗಿ ಬರೆದಿಟ್ಟ ಟಿಪ್ಪಣಿಯಾದರೆ ನೋಂದಣಿ ಬೇಕಿಲ್ಲ. ಈ ಎರಡರಲ್ಲಿ ಯಾವುದು ಎಂಬುದು ಪತ್ರದ ಕ್ರಿಯಾಪದಗಳನ್ನು ನೋಡಿ ತೀರ್ಮಾನವಾಗುತ್ತದೆ. ‘ಈ ದಿನ ಪಾಲು ಮಾಡಿಕೊಳ್ಳುತ್ತೇವೆ’ ಎಂಬುದಕ್ಕೂ ‘ಹಿಂದೆಯೇ ಪಾಲು ಮಾಡಿಕೊಂಡಿದ್ದೇವೆ’ ಎಂಬುದಕ್ಕೂ ವ್ಯಾಕರಣದಲ್ಲಿ ಇರುವ ವ್ಯತ್ಯಾಸ ಎರಡು ಎಕರೆ ಗದ್ದೆಯ ವ್ಯತ್ಯಾಸವೂ ಆಗಬಲ್ಲದು.

ಹೆಣ್ಣುಮಕ್ಕಳ ಪಾಲಿನ ದಾವೆಗಳ ಹಿಂದೆ ಕಾನೂನಿನ ಬದಲಾವಣೆಯಿದೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಯಾದ ತಿದ್ದುಪಡಿಯು ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯು ಮದುವೆಯಾದ, ಆಗದ ಎಂಬ ಭೇದವನ್ನು ತೆಗೆದುಹಾಕಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು ಹೇಳಿತು. ದೆಹಲಿಯಲ್ಲಿ ಹೊರಬಿದ್ದ ಇಂಥ ತೀರ್ಪಿನ ಫಲ ಒಬ್ಬ ಮಗಳಿಗೆ ದೊರೆಯಬೇಕಾದರೆ ಅವಳು ತನ್ನ ತಾಲ್ಲೂಕಿನ ನ್ಯಾಯಾಲಯದಲ್ಲಿ ಆಸ್ತಿ ಪಿತ್ರಾರ್ಜಿತವೇ, ಹಿಂದೆ ಪಾಲಾಗಿತ್ತೇ ಎಂಬುದನ್ನು ಸಾಬೀತುಪಡಿಸಲೇಬೇಕು.

ಮೇಲ್ಮನವಿ

ಸಿವಿಲ್ ನ್ಯಾಯಾಧೀಶರ ಡಿಕ್ರಿಯ ಮೇಲೆ ಮೊದಲ ಮೇಲ್ಮನವಿ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಹೋಗುತ್ತದೆ. ಹಿರಿಯ ಸಿವಿಲ್ ನ್ಯಾಯಾಧೀಶರ ಡಿಕ್ರಿಯ ಮೇಲೂ ಮೇಲ್ಮನವಿ ಸಲ್ಲುತ್ತದೆ. ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಉಚ್ಚ ನ್ಯಾಯಾಲಯಕ್ಕಾದರೆ 90 ದಿನ ಕಾಲಾವಕಾಶ. ಮೊದಲ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡಬಹುದು. ಉಚ್ಚ ನ್ಯಾಯಾಲಯದ ಎರಡನೆಯ ಮೇಲ್ಮನವಿಯಲ್ಲಿ ಹಾಗಿಲ್ಲ. ಸಂಹಿತೆಯ 100ನೆಯ ಪ್ರಕರಣದ ಪ್ರಕಾರ ಅಲ್ಲಿ ಗಣನೀಯವಾದ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ವಿಚಾರಣೆ.

ಇದರ ಪರಿಣಾಮವನ್ನು ಗಮನಿಸಬೇಕು. ಅರಕಲಗೂಡಿನ ಸಿವಿಲ್ ನ್ಯಾಯಾಲಯದಲ್ಲಿ ಹೂಡಿದ ಬದುವಿನ ದಾವೆಯ ಮೊದಲ ಮೇಲ್ಮನವಿಯೂ ಅದೇ ಊರಿನ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆಯೇ ಬರುತ್ತದೆ. ಸಾಕ್ಷಿ ನಿಜ ಹೇಳಿದನೇ, ಸಹಿ ಆತನದೇ, ಹೊಲವನ್ನು ಯಾರು ಉಳುತ್ತಿದ್ದರು ಎಂಬ ಪ್ರಶ್ನೆಗಳು ಅರಕಲಗೂಡನ್ನು ದಾಟಿ ಹೋಗುವುದು ಅಪರೂಪ. ಇಲ್ಲಿ ಕೇಳದೆ ಬಿಟ್ಟ ಪಾಟೀ ಸವಾಲನ್ನು ಬೆಂಗಳೂರಿನಲ್ಲಿ ಕೇಳಲಾಗುವುದಿಲ್ಲ. ಇಲ್ಲಿ ಹಾಜರುಪಡಿಸದ ದಾಖಲೆಯನ್ನು ಮೇಲೆ ಹಾಜರುಪಡಿಸಲು ವಿಶೇಷ ಅನುಮತಿ ಬೇಕು. ಅದು ಸುಲಭವಾಗಿ ಸಿಗುವುದಿಲ್ಲ. ‘ಇಲ್ಲಿ ಸೋತರೆ ಹೈಕೋರ್ಟಿನಲ್ಲಿ ನೋಡಿಕೊಳ್ಳೋಣ’ ಎಂದು ವಾಯಿದೆಗಳನ್ನು ಹಗುರವಾಗಿ ಕಾಣುವ ಕಕ್ಷಿದಾರರು ಈ ನಿಯಮವನ್ನು ತಿಳಿದಿರುವುದಿಲ್ಲ.

ಡಿಕ್ರಿಯ ಅಮಲ್ಜಾರಿ

ಡಿಕ್ರಿಯಾದ ಮೇಲೂ ಎದುರಾಳಿ ತಾನಾಗಿ ಬಿಟ್ಟುಕೊಡದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಸಾಮಾನ್ಯ ಡಿಕ್ರಿಯ ಅಮಲ್ಜಾರಿಗೆ 12 ವರ್ಷಗಳ ಅವಧಿಯಿದೆ. ಪಾಲಿನ ದಾವೆಯಲ್ಲಂತೂ ಮೊದಲು ಪ್ರಾಥಮಿಕ ಡಿಕ್ರಿ ಬಂದು ಯಾರಿಗೆ ಎಷ್ಟು ಪಾಲು ಎಂದಷ್ಟೇ ನಿರ್ಧಾರವಾಗುತ್ತದೆ. ಯಾವ ತುಂಡು ಯಾರಿಗೆ ಎಂಬುದಕ್ಕೆ ಅಂತಿಮ ಡಿಕ್ರಿಯ ನಡಾವಳಿ ಬೇರೆ. ಕಂದಾಯದ ಜಮೀನಾದರೆ 54ನೆಯ ಪ್ರಕರಣದ ಪ್ರಕಾರ ವಿಂಗಡಣೆಯ ಕೆಲಸ ಜಿಲ್ಲಾಧಿಕಾರಿಗೆ, ಅವರಿಂದ ಅಧೀನ ಅಧಿಕಾರಿಗಳಿಗೆ ಹೋಗುತ್ತದೆ. ಭೂಮಾಪಕರು ಅಳೆದು ನಕ್ಷೆ ಮಾಡಬೇಕು. ಈ ನಡುವೆ ಕಕ್ಷಿದಾರನೊಬ್ಬ ತೀರಿಕೊಂಡರೆ ಅವನ ವಾರಸುದಾರರನ್ನು ದಾಖಲೆಗೆ ತರಬೇಕು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ್ದು ತೀರ್ಪಿಗಿಂತ ಹೆಚ್ಚಾಗಿ ಈ ಹಂತವನ್ನು ಕಂಡವರ ಬಾಯಲ್ಲಿ ಇರಬೇಕು.

ಕ್ರಿಮಿನಲ್ ಪ್ರಕರಣಗಳು

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿವೆ. ಬಂಧಿತನನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದು ಸಂವಿಧಾನದ 22ನೆಯ ವಿಧಿಯ ಆಜ್ಞೆಯಾದ್ದರಿಂದ ಅದು ಬದಲಾಗಿಲ್ಲ. ಪೊಲೀಸರು ಹೊಡೆದರೇ, ವಕೀಲರ ನೆರವು ಇದೆಯೇ ಎಂದು ಬಂಧಿತನನ್ನು ಮೊದಲು ಕೇಳುವವರು ತಾಲ್ಲೂಕಿನ ಮ್ಯಾಜಿಸ್ಟ್ರೇಟರೇ. ಅಪರಾಧದ ಗುರುತ್ವಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಬಂಧಿತನಿಗೆ ಜಾಮೀನಿನ ಹಕ್ಕು ಬರುತ್ತದೆ.

ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು 3 ವರ್ಷಗಳವರೆಗೆ ಕಾರಾವಾಸ, ಹೊಸ ಸಂಹಿತೆಯಂತೆ 50,000 ರೂಪಾಯಿಗಳವರೆಗೆ ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆ ವಿಧಿಸಬಹುದು. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಮಿತಿ 7 ವರ್ಷ. ಕೊಲೆಯಂಥ ಪ್ರಕರಣ ಕೊಣನೂರು ಠಾಣೆಯಲ್ಲಿ ದಾಖಲಾದರೂ ಅರಕಲಗೂಡಿನ ಮ್ಯಾಜಿಸ್ಟ್ರೇಟರು ಅದನ್ನು ವಿಚಾರಿಸಿ ತೀರ್ಪು ಕೊಡುವಂತಿಲ್ಲ. ಕಡತವನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಸೆಷನ್ಸ್ ನ್ಯಾಯಾಧೀಶರು ಕಾನೂನಿನಲ್ಲಿರುವ ಯಾವ ಶಿಕ್ಷೆಯನ್ನಾದರೂ ಕೊಡಬಹುದು, ಆದರೆ ಮರಣದಂಡನೆಗೆ ಉಚ್ಚ ನ್ಯಾಯಾಲಯದ ದೃಢೀಕರಣ ಬೇಕು.

ಚೆಕ್ಕು, ಅಪಘಾತ ಮತ್ತು ಭೂಸ್ವಾಧೀನ

ಚೆಕ್ಕು ಅಮಾನ್ಯವಾದ ಪ್ರಕರಣಗಳು ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಬರುತ್ತವೆ. ಇಲ್ಲಿ ದಿನಗಳ ಲೆಕ್ಕ ಬಿಗಿಯಾಗಿದೆ: ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟೀಸು, ನೋಟೀಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು.

ರಸ್ತೆ ಅಪಘಾತದ ಪರಿಹಾರ ಅರ್ಜಿಗಳನ್ನು ಜಿಲ್ಲಾ ಅಥವಾ ಹಿರಿಯ ಸಿವಿಲ್ ನ್ಯಾಯಾಧೀಶರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾಗಿ ಕುಳಿತು ವಿಚಾರಿಸುತ್ತಾರೆ. ಅಪಘಾತ ನಡೆದ ಸ್ಥಳದಲ್ಲಿ ಅಲ್ಲದೆ ಅರ್ಜಿದಾರರು ವಾಸಿಸುವ ಸ್ಥಳದಲ್ಲಿಯೂ ಅರ್ಜಿ ಸಲ್ಲಿಸಬಹುದು. ಬೆಂಗಳೂರು ಹೆದ್ದಾರಿಯಲ್ಲಿ ಮಗನನ್ನು ಕಳೆದುಕೊಂಡ ಹೊಳೆನರಸೀಪುರದ ತಾಯಿ ಬೇರೆ ಊರಿಗೆ ಅಲೆಯಬೇಕಾಗಿಲ್ಲ. ಆದರೆ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ಮಿತಿ 2022ರ ಏಪ್ರಿಲ್ 1ರಿಂದ ಮತ್ತೆ ಬಂದಿದೆ.

ಭೂಸ್ವಾಧೀನ ಈ ಜಿಲ್ಲೆಯ ನ್ಯಾಯಾಲಯಗಳಿಗೆ ಅಪರಿಚಿತವಲ್ಲ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜಲಾಶಯಕ್ಕೂ ಅದರ ನಾಲೆಗಳಿಗೂ ರೈತರ ಜಮೀನು ಬೇಕಾಯಿತು. 1894ರ ಭೂಸ್ವಾಧೀನ ಅಧಿನಿಯಮದ ಕಾಲದಲ್ಲಿ, ಅಧಿಕಾರಿ ಗೊತ್ತುಮಾಡಿದ ಬೆಲೆ ಕಡಿಮೆಯೆನಿಸಿದ ರೈತನು 18ನೆಯ ಪ್ರಕರಣದಂತೆ ತನ್ನ ತಕರಾರನ್ನು ನ್ಯಾಯಾಲಯಕ್ಕೆ ಕಳುಹಿಸಿಕೊಡುವಂತೆ ಕೇಳಬಹುದಾಗಿತ್ತು. ಹಿರಿಯ ಸಿವಿಲ್ ನ್ಯಾಯಾಧೀಶರು ಅಕ್ಕಪಕ್ಕದ ಕ್ರಯಪತ್ರಗಳನ್ನೂ ಬೆಳೆಯ ಇಳುವರಿಯನ್ನೂ ನೋಡಿ ಬೆಲೆ ನಿಗದಿ ಮಾಡುತ್ತಿದ್ದರು. 2014ರ ಜನವರಿ 1ರಂದು ಜಾರಿಗೆ ಬಂದ 2013ರ ಅಧಿನಿಯಮವು ಈ ಕೆಲಸವನ್ನು ಪ್ರತ್ಯೇಕ ಪ್ರಾಧಿಕಾರಕ್ಕೆ ವಹಿಸಿದೆ.

ಕಂದಾಯ ನ್ಯಾಯಾಲಯಗಳು

ತಹಸೀಲ್ದಾರರು, ಉಪವಿಭಾಗಾಧಿಕಾರಿಗಳು ಹಾಗೂ ಜಿಲ್ಲಾಧಿಕಾರಿಗಳು ನಡೆಸುವ ವಿಚಾರಣೆಗಳನ್ನೂ ಜನ ‘ಕೋರ್ಟು’ ಎನ್ನುತ್ತಾರೆ. ಇವು ಕಂದಾಯ ನ್ಯಾಯಾಲಯಗಳು, ಅಧೀನ ನ್ಯಾಯಾಲಯಗಳಲ್ಲ. ಪಹಣಿ ಮತ್ತು ಖಾತೆ ಬದಲಾವಣೆಯ ತಕರಾರು ಅಲ್ಲಿ ನಡೆಯುತ್ತದೆ. 1964ರ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದಂತೆ ಪಹಣಿಯ ನಮೂದನ್ನು, ಬೇರೆ ರೀತಿ ರುಜುವಾಗುವವರೆಗೆ, ನಿಜವೆಂದು ಭಾವಿಸಲಾಗುತ್ತದೆ. ಆದರೆ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲ. ಒಡೆತನದ ಪ್ರಶ್ನೆ ಸಿವಿಲ್ ನ್ಯಾಯಾಲಯದ್ದು. ಇದಕ್ಕೆ ವಿರುದ್ಧವಾಗಿ, 1974ರ ತಿದ್ದುಪಡಿಯಾದ ಭೂಸುಧಾರಣೆ ಕಾನೂನಿನಂತೆ ಗೇಣಿದಾರನೇ ಅಲ್ಲವೇ ಎಂಬ ಪ್ರಶ್ನೆಯನ್ನು ಭೂನ್ಯಾಯಮಂಡಳಿ ತೀರ್ಮಾನಿಸಬೇಕೇ ಹೊರತು ಸಿವಿಲ್ ನ್ಯಾಯಾಲಯವಲ್ಲ.

ಕಾನೂನು ನೆರವು ಮತ್ತು ಲೋಕ ಅದಾಲತ್

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಜಿಲ್ಲೆಯಲ್ಲಿ ಪ್ರಧಾನ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವೂ ತಾಲ್ಲೂಕುಗಳಲ್ಲಿ ಸಮಿತಿಗಳೂ ಇವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯವನ್ನು ಲೆಕ್ಕಿಸದೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ಲೋಕ ಅದಾಲತ್ತಿನಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಹಿಂತಿರುಗುತ್ತದೆ.

ಬಾಕಿ ಪ್ರಕರಣಗಳನ್ನು ಇಳಿಸಲು ಲೋಕ ಅದಾಲತ್ ನೆರವಾಗಿದೆ. ಆದರೆ ಎಲ್ಲ ವ್ಯಾಜ್ಯಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2022ರ ಆಗಸ್ಟ್ 13ರಂದು, ಲೋಕ ಅದಾಲತ್ ನಡೆದ ದಿನವೇ, ಹೊಳೆನರಸೀಪುರದ ನ್ಯಾಯಾಲಯದ ಆವರಣದಲ್ಲಿ ರಾಜಿ ಸಮಾಲೋಚನೆಗೆ ಬಂದಿದ್ದ ಮಹಿಳೆಯೊಬ್ಬಳ ಮೇಲೆ ಅವಳ ಗಂಡನೇ ಹರಿತವಾದ ಆಯುಧದಿಂದ ಹಲ್ಲೆ ಮಾಡಿದನು, ಅವಳು ಬದುಕಲಿಲ್ಲ. ಮಗುವಿನ ಸಲುವಾಗಿ ಒಟ್ಟಿಗೆ ಬಾಳಲು ಇಬ್ಬರೂ ಒಪ್ಪಿದ್ದರೆಂದು ವರದಿಯಾಗಿತ್ತು. ತಾಲ್ಲೂಕು ನ್ಯಾಯಾಲಯಗಳ ಪ್ರವೇಶದ್ವಾರದಲ್ಲಿ ತಪಾಸಣೆ ಎಷ್ಟು ಅಗತ್ಯ, ಹಿಂಸೆಯ ದೂರಿರುವ ದಾಂಪತ್ಯ ಪ್ರಕರಣಗಳಲ್ಲಿ ರಾಜಿಗೆ ಒತ್ತಾಯಿಸುವುದು ಎಷ್ಟು ಸರಿ ಎಂಬ ಎರಡು ಪ್ರಶ್ನೆಗಳನ್ನು ಈ ಘಟನೆ ಎತ್ತಿತು. ಎರಡನೆಯದು ಮೊದಲನೆಯದಕ್ಕಿಂತ ಗಂಭೀರವಾದದ್ದು.

ನ್ಯಾಯಾಧೀಶರು ಮತ್ತು ಭಾಷೆ

ಸಿವಿಲ್ ನ್ಯಾಯಾಧೀಶರನ್ನು ಉಚ್ಚ ನ್ಯಾಯಾಲಯವು ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಆಯ್ಕೆ ಮಾಡುತ್ತದೆ. ಬೆಂಗಳೂರಿನ ಕರ್ನಾಟಕ ನ್ಯಾಯಾಂಗ ಅಕಾಡೆಮಿಯಲ್ಲಿ ತರಬೇತಿ ನಡೆಯುತ್ತದೆ. 2025ರ ಮೇ 20ರಂದು ಸರ್ವೋಚ್ಚ ನ್ಯಾಯಾಲಯವು ಈ ಹುದ್ದೆಗೆ ಕನಿಷ್ಠ 3 ವರ್ಷಗಳ ವಕೀಲಿಕೆಯ ಅನುಭವ ಇರಲೇಬೇಕೆಂದು ತೀರ್ಪಿತ್ತಿತು. ಜಿಲ್ಲಾ ನ್ಯಾಯಾಧೀಶರ ಹುದ್ದೆಗಳಲ್ಲಿ ಕೆಲವು ಬಡ್ತಿಯಿಂದ, ಕೆಲವು ನೇರ ನೇಮಕಾತಿಯಿಂದ ತುಂಬುತ್ತವೆ.

ಅಧೀನ ನ್ಯಾಯಾಲಯಗಳಲ್ಲಿ ಕನ್ನಡ ಬಳಸಲು ಅವಕಾಶವಿದೆ. ಸಾಕ್ಷಿಗಳು ಕನ್ನಡದಲ್ಲಿಯೇ ನುಡಿಯುತ್ತಾರೆ. ಕನ್ನಡದಲ್ಲಿ ತೀರ್ಪು ಬರೆದ ನ್ಯಾಯಾಧೀಶರನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ ಗೌರವಿಸುತ್ತಲೂ ಬಂದಿದೆ. ಆದರೂ ಇಂಗ್ಲಿಷಿನ ತೀರ್ಪುಗಳು ಹೇರಳ. ಮೇಲಿನ ನ್ಯಾಯಾಲಯದ ಭಾಷೆ ಇಂಗ್ಲಿಷಾಗಿರುವುದೂ ಆಧಾರವಾಗಿ ಬಳಸುವ ತೀರ್ಪುಗಳು ಆ ಭಾಷೆಯಲ್ಲಿರುವುದೂ ಇದಕ್ಕೆ ಕಾರಣ. ತನ್ನ ಹೊಲ ತನಗೆ ಉಳಿಯಿತೇ ಇಲ್ಲವೇ ಎಂಬುದನ್ನು ರೈತನು ಇನ್ನೊಬ್ಬರಿಂದ ಓದಿಸಿಕೊಂಡು ತಿಳಿಯಬೇಕಾಗುವುದು ಸಮಾಧಾನದ ಸಂಗತಿಯಲ್ಲ.

ಪ್ರಕರಣದ ಮಾಹಿತಿ

ಪ್ರತಿ ಪ್ರಕರಣಕ್ಕೂ ಸಿ.ಎನ್.ಆರ್. ಎಂಬ 16 ಅಕ್ಷರ ಮತ್ತು ಅಂಕಿಗಳ ಗುರುತುಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಮೊಬೈಲ್ ಆಪ್‌ನಲ್ಲಿ ಈ ಸಂಖ್ಯೆಯನ್ನು ನೀಡಿದರೆ ಮುಂದಿನ ವಾಯಿದೆಯ ದಿನಾಂಕ, ಹಿಂದಿನ ದಿನಗಳಲ್ಲಿ ನಡೆದ ಕಲಾಪ, ಆದೇಶಗಳ ಪ್ರತಿ ದೊರೆಯುತ್ತವೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಕಕ್ಷಿದಾರರ ಹೆಸರು ಹಾಗೂ ವರ್ಷದಿಂದಲೂ ಹುಡುಕಬಹುದು. ಜಿಲ್ಲೆಯಲ್ಲಿ ಬಾಕಿ ಇರುವ ಪ್ರಕರಣಗಳ ಸಂಖ್ಯೆ ಮತ್ತು ಅವುಗಳ ವಯಸ್ಸು ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಪ್ರಕಟವಾಗುತ್ತದೆ. ಜಾಲತಾಣದ ಪ್ರತಿ ತಿಳಿವಳಿಕೆಗೆ ಮಾತ್ರ; ಮೇಲ್ಮನವಿಗೆ ಅಥವಾ ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ ನ್ಯಾಯಾಲಯದ ನಕಲು ಶಾಖೆಯಿಂದ ದೃಢೀಕೃತ ನಕಲನ್ನೇ ಪಡೆಯಬೇಕು. ಅದಕ್ಕೆ ಅರ್ಜಿ ಹಾಕಿದ ದಿನದಿಂದ ನಕಲು ಸಿದ್ಧವಾಗುವ ದಿನದವರೆಗಿನ ಅವಧಿಯನ್ನು ಮೇಲ್ಮನವಿಯ ಕಾಲಮಿತಿಯಿಂದ ಕಳೆಯಲಾಗುತ್ತದೆ.